ತಂತಿಕಳ್ಳರೂ 1836ನೆಯ ಇಸವಿಯ ಕಾಯಿದೆಯೂ

‘ಠಕ್ಕ’ನೆಂಬ ಮಾತು ಕನ್ನಡದಲ್ಲಿ ಈಗ ಬಹು ಸೌಮ್ಯವಾಗಿದೆ. ತಕ್ಕಡಿಯಲ್ಲಿ ಮೋಸಮಾಡುವ ಅಂಗಡಿಯವನಿಗೂ, ಕೊಟ್ಟ ಮಾತನ್ನು ನಡೆಸದ ನಂಟನಿಗೂ, ಭರಣಿಯಿಂದ ಬೆಲ್ಲವನ್ನು ಕದ್ದು ಬಾಯೊರಸಿಕೊಂಡು ನಿಲ್ಲುವ ಮಗುವಿಗೂ ಅದು ಸಲ್ಲುತ್ತದೆ. ಸಂಸ್ಕೃತದ ‘ಸ್ಥಗ್’ ಧಾತುವಿಗೆ ಮುಚ್ಚುವುದು, ಮರೆಮಾಡುವುದು ಎಂದು ಅರ್ಥ. ಅದರಿಂದ ‘ಸ್ಥಗ’ನೆಂದರೆ ಕಪಟಿ. ಈ ಶಬ್ದವೇ ಪ್ರಾಕೃತಗಳ ಬಾಯಲ್ಲಿ ಸವೆದು ಉತ್ತರದಲ್ಲಿ ‘ಠಗ್’ ಎಂದೂ ನಮ್ಮಲ್ಲಿ ಠಕ್ಕನೆಂದೂ ನಿಂತಿತು. ಆದರೆ ಇನ್ನೂರು ವರ್ಷಗಳ ಹಿಂದೆ ಹೆದ್ದಾರಿಯಲ್ಲಿ ನಡೆಯುವವನಿಗೆ ಈ ಮಾತು ಇಷ್ಟು ಹಗುರವಾಗಿರಲಿಲ್ಲ. ದಾರಿಯಲ್ಲಿ ಜೊತೆಗೂಡಿ, ಸ್ನೇಹವನ್ನು ಬೆಳೆಯಿಸಿ, ಕೊರಳಿಗೆ ಬಟ್ಟೆಯ ಉರುಳನ್ನು ಹಾಕಿ ಕೊಂದು, ಹೆಣವನ್ನು ಹೂಳಿ, ಗಂಟನ್ನು ಹಂಚಿಕೊಂಡು ಹೋಗುವವನೇ ಠಗ್ಗನು. ದಕ್ಷಿಣದಲ್ಲಿ ಇವರಿಗೆ ‘ಫಾಂಸಿಗಾರ’ರೆಂದು ಹೆಸರಿದ್ದಿತು. ಮದರಾಸಿನ ವೈದ್ಯಾಧಿಕಾರಿಯಾಗಿದ್ದ ಷರ್‌ವುಡ್ಡನೆಂಬವನು 1816ರಲ್ಲಿ ಇವರ ವಿಷಯವಾಗಿ ಬರೆದ ಪ್ರಬಂಧದಲ್ಲಿ ಕನ್ನಡಿಗರು ಇವರನ್ನು ‘ತಂತಿಕಳ್ಳರು’ ಎನ್ನುತ್ತಿದ್ದರೆಂದು ಹೇಳಿದ್ದಾನೆ. ತಂತಿಯ ಅಥವಾ ನರದ ಉರುಳನ್ನು ಬಳಸುವ ಕಳ್ಳರು ಎಂದು ಇದರ ತಾತ್ಪರ್ಯ. ಈ ಹೆಸರು ನಮ್ಮ ಜನರ ಬಾಯಿಂದ ಸಂಪೂರ್ಣವಾಗಿ ಅಳಿದುಹೋಗಿದೆ.

ಕಂಪೆನಿಯವರ ಕಣ್ಣಿಗೆ ಇವರು ಮೊದಲು ಬಿದ್ದುದೂ ಕನ್ನಡನಾಡಿನಲ್ಲಿಯೇ. ಶ್ರೀರಂಗಪಟ್ಟಣವು ಬಿದ್ದ 1799ನೆಯ ಇಸವಿಯಲ್ಲಿ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಮಂದಿಯನ್ನು ಹಿಡಿಯಲಾಯಿತು. ಆದರೆ ಅವರನ್ನು ಸಾಮಾನ್ಯ ದರೋಡೆಕಾರರೆಂದೆಣಿಸಿದರೇ ಹೊರತು, ಅವರದು ಬೇರೊಂದು ಬಗೆಯ ಕೂಟವೆಂಬುದು ಯಾರಿಗೂ ಹೊಳೆಯಲಿಲ್ಲ. 1807ರಲ್ಲಿ ಚಿತ್ತೂರು ಆರ್ಕಾಟುಗಳ ನಡುವೆ ಇಂಥವರು ಮತ್ತೆ ಸೆರೆಸಿಕ್ಕಾಗ ಸಂಗತಿಯು ಸ್ವಲ್ಪಸ್ವಲ್ಪವಾಗಿ ಹೊರಬಿದ್ದಿತು.

ಉತ್ತರದಲ್ಲಿ ಇಟಾವಾ ಜಿಲ್ಲೆಯ ದಾರಿಬದಿಯ ಬಾವಿಗಳಲ್ಲಿ ಹೆಣಗಳು ಮೇಲಿಂದಮೇಲೆ ಸಿಕ್ಕತೊಡಗಿದುದು 1809-10ರ ಸುಮಾರಿನಲ್ಲಿ. ಸತ್ತವರು ಯಾರೆಂದು ಹೇಳುವವರಿಲ್ಲ, ಕೊಂದವರನ್ನು ಕಂಡವರಿಲ್ಲ. ರಜೆಯ ಮೇಲೆ ಊರಿಗೆ ಹೊರಟ ಸಿಪಾಯಿಗಳೇ ಇವರಿಗೆ ಹೆಚ್ಚಾಗಿ ಬಲಿಯಾಗುತ್ತಿದ್ದರು. ವರ್ಷಗಟ್ಟಲೆ ಕೂಡಿಟ್ಟ ಸಂಬಳವು ಅವರ ಸೊಂಟದಲ್ಲಿರುತ್ತಿತ್ತು. ಊರಿನಲ್ಲಿ ತಂದೆತಾಯಿಗಳು ಮಗನು ಇನ್ನೂ ಪಲ್ಟನಿನಲ್ಲಿಯೇ ಇರುವನೆಂದು ತಿಳಿದಿದ್ದರು. ಪಲ್ಟನಿನಲ್ಲಿ ಅವನು ರಜೆಯಿಂದ ಮರಳದೆ ಓಡಿಹೋದನೆಂದು ಬರೆದುಕೊಂಡಿದ್ದರು. ಇದಕ್ಕಾಗಿ 1810ರಲ್ಲಿ ಸೇಂಟ್ ಲೆಜರ್ ಎಂಬ ಸೇನಾಪತಿಯು, ದಾರಿಯಲ್ಲಿ ಅಪರಿಚಿತರೊಡನೆ ಕೂಡಬಾರದು, ರಾತ್ರಿ ಪ್ರಯಾಣ ಮಾಡಬಾರದು, ಹಣವನ್ನು ಕೈಯಲ್ಲಿ ಒಯ್ಯುವುದರ ಬದಲು ಹುಂಡಿಯ ಮೂಲಕ ಕಳುಹಿಸಬೇಕು ಎಂದು ಸಿಪಾಯಿಗಳಿಗೆ ಆಜ್ಞೆಯನ್ನು ಹೊರಡಿಸಿದನು. ಸರಕಾರವು ಕಳ್ಳನನ್ನು ಹಿಡಿಯಲಾರದೆ ಪ್ರಜೆಗೆ ಬುದ್ಧಿ ಹೇಳಿದ ಉದಾಹರಣೆಗಳಲ್ಲಿ ಇದೂ ಒಂದು.

ಹಿಡಿಯಲಾಗದುದಕ್ಕೆ ಕಾರಣಗಳಿದ್ದುವು. ಮರಾಠರ ಯುದ್ಧಗಳು ಮುಗಿದು ಸಾವಿರಾರು ಮಂದಿ ಸೈನಿಕರು ಅನ್ನವಿಲ್ಲದೆ ದಾರಿಗೆ ಬಿದ್ದಿದ್ದರು. ಸಿಂಧಿಯರ ಸೀಮೆ, ಬುಂದೇಲರ ಸೀಮೆ, ಅಯೋಧ್ಯೆಯ ನವಾಬನ ಸೀಮೆ, ಕಂಪೆನಿಯ ಸೀಮೆ, ಹೀಗೆ ನಾಡು ತುಂಡುತುಂಡಾಗಿ, ಒಂದು ಗಡಿಯಲ್ಲಿ ಕೊಂದವನು ಮರುದಿನ ಮತ್ತೊಂದು ಗಡಿಯಲ್ಲಿ ನಿಶ್ಚಿಂತನಾಗಿರುತ್ತಿದ್ದನು. ಚಂಬಲ್ ನದಿಯ ಕೆಳದಂಡೆಯ ಸಿಂಡೌಸ್ ಮುಂತಾದ ಕಡೆಗಳಲ್ಲಿ ಜಮೀನುದಾರರು ಇವರಿಗೆ ಆಶ್ರಯಕೊಟ್ಟು ಲಾಭದಲ್ಲಿ ಪಾಲನ್ನು ಪಡೆಯುತ್ತಿದ್ದರು. ಇದೆಲ್ಲಕ್ಕೂ ಮಿಗಿಲಾಗಿ ನ್ಯಾಯಸ್ಥಾನದ ತೊಡಕು. ಬಂಗಾಳದ ಸದರ ನಿಜಾಮತ್ ಅದಾಲತ್ತಿನಲ್ಲಿ ಮುಸಲ್ಮಾನರ ಧರ್ಮಶಾಸ್ತ್ರವನ್ನು ಬಲ್ಲ ಅಧಿಕಾರಿಗಳು ಫತ್ವಾ ಕೊಡಬೇಕಾಗಿದ್ದಿತು. ಸಹಾಪರಾಧಿಯ ಹೇಳಿಕೆಯೊಂದರ ಮೇಲೆಯೇ ಮರಣದಂಡನೆಯನ್ನು ವಿಧಿಸಲು ಅವರು ಒಪ್ಪುತ್ತಿರಲಿಲ್ಲ. ಅನ್ಯ ಸಾಕ್ಷಿಗಳೋ, ಮಣ್ಣಿನಡಿಯಲ್ಲಿದ್ದರು.

ಇಂತಿರುವಲ್ಲಿ ರಂಗಕ್ಕೆ ಬಂದವನು ವಿಲಿಯಂ ಹೆನ್ರಿ ಸ್ಲೀಮನ್. ಇವನು 1788ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ಹುಟ್ಟಿ, 1809ರಲ್ಲಿ ಬಂಗಾಳದ ಸೈನ್ಯಕ್ಕೆ ಬಂದವನು. ದೇಶಭಾಷೆಗಳನ್ನು ಶ್ರದ್ಧೆಯಿಂದ ಕಲಿತವನು. ರೈತನೊಡನೆ ಮರದ ನೆರಳಿನಲ್ಲಿ ಕುಳಿತು ಮಾತನಾಡಬಲ್ಲವನು. 1822ರಿಂದ 1824ರ ವರೆಗೆ ನರ್ಮದಾ ತೀರದ ನರಸಿಂಹಪುರ ಜಿಲ್ಲೆಯು ಇವನ ಆಡಳಿತದಲ್ಲಿದ್ದಿತು. ಆ ಕಾಲದಲ್ಲಿ ತನಗೆ ತಿಳಿಯದಂತೆ ಜಿಲ್ಲೆಯಲ್ಲಿ ಒಂದು ಸಣ್ಣ ಕಳವೂ ನಡೆಯುವುದಿಲ್ಲವೆಂದು ಅವನು ನಂಬಿದ್ದನಂತೆ. ತರುವಾಯ ತಿಳಿದುದೇನೆಂದರೆ, ಅವನ ಕಚೇರಿಯಿಂದ ನಾನೂರು ಗಜಗಳಷ್ಟೂ ದೂರವಿಲ್ಲದ ಕಂದೇಲಿಯೆಂಬ ಗ್ರಾಮದಲ್ಲಿಯೇ ಒಂದು ಠಗ್ಗರ ತಂಡವು ವಾಸಮಾಡುತ್ತಿದ್ದಿತು. ಒಂದು ಪಯಣದಷ್ಟು ದೂರದ ಮಂಡೇಸುರದ ತೋಪು ಹಿಂದೂಸ್ಥಾನದ ದೊಡ್ಡ ಕೊಲೆಗಳಗಳಲ್ಲಿ ಒಂದಾಗಿದ್ದಿತು. ಇದನ್ನು ಅವನೇ ಬರೆದು ಪ್ರಕಟಿಸಿದ್ದಾನೆ. ಅಧಿಕಾರಿಗಳು ಸಾಮಾನ್ಯವಾಗಿ ಬರೆಯುವ ಮಾತು ಇದಲ್ಲ. ಆದರೆ ಈ ಅನುಭವದಿಂದ ಅವನಿಗೆ ಒಂದು ಭಯವೂ ಅಂಟಿಕೊಂಡಿತೆಂದು ಊಹಿಸಬಹುದು: ಕಣ್ಣೆದುರಿಗಿದ್ದ ಕಂದೇಲಿಯಲ್ಲೇ ಕಾಣಲಿಲ್ಲವೆಂದ ಮೇಲೆ ಎಲ್ಲಿ ತಾನೆ ಇರಲಾರರು?

1830ರಲ್ಲಿ ಗವರ್ನರ್ ಜನರಲ್ ಬೆಂಟಿಂಕನೂ, ಸಾಗರದಲ್ಲಿ ಅವನ ಏಜೆಂಟನಾಗಿದ್ದ ಸ್ಮಿತ್ತನೂ ಸ್ಲೀಮನ್ನನ ಬೆಂಬಲಕ್ಕೆ ನಿಂತರು. (ಇದು ಮಧ್ಯ ಹಿಂದೂಸ್ಥಾನದ ಸಾಗರ, ನಮ್ಮ ಮಲೆನಾಡಿನದಲ್ಲ.) ಆ ಸೀಮೆಯಲ್ಲಿ ಬಂಗಾಳದ ರೆಗ್ಯುಲೇಷನ್ನುಗಳು ಜಾರಿಯಲ್ಲಿರಲಿಲ್ಲವಾದುದರಿಂದ ಕೈ ಕಟ್ಟುವವರು ಕಡಮೆ. ಹಿಡಿದವರಲ್ಲಿ ಕೆಲವರಿಗೆ ಪ್ರಾಣದಾನದ ಭಾಷೆಯನ್ನು ಕೊಟ್ಟು ಮಾಫಿಸಾಕ್ಷಿಗಳನ್ನಾಗಿ ಮಾಡುವುದು, ಅವರ ಮಾತಿನ ಮೇಲೆ ಇತರರನ್ನು ಹಿಡಿಯುವುದು, ಅವರಲ್ಲಿ ಮತ್ತೆ ಕೆಲವರನ್ನು ಮಾಫಿಸಾಕ್ಷಿಗಳನ್ನಾಗಿ ಮಾಡುವುದು, ಇದೇ ಕ್ರಮ. ಫಿರಿಂಗಿಯಾ ಎಂಬ ಬ್ರಾಹ್ಮಣ ಜಮಾದಾರನು 1830ರ ಕೊನೆಯಲ್ಲಿ ಸಿಕ್ಕಿದನು. ಅವನಿಗೂ ಮೊದಲು ಅವನ ತಾಯಿ, ಹೆಂಡತಿ, ಮಗು ಇವರನ್ನು ಸ್ಲೀಮನ್ನನು ಸೆರೆಯಲ್ಲಿಟ್ಟಿದ್ದನು. ಅವರನ್ನು ಬಿಟ್ಟು ಫಿರಿಂಗಿಯಾ ಬಹುದೂರ ಹೋಗಲಾರನೆಂಬ ಅವನ ಎಣಿಕೆಯು ನಿಜವಾಯಿತು. ಈ ಸಂಗತಿಯನ್ನು ಅನೇಕ ಗ್ರಂಥಕರ್ತರು ಚಾತುರ್ಯವೆಂದು ಹೊಗಳಿ ಮುಂದೆ ಸಾಗಿದ್ದಾರೆ. ಆ ಮಗು ಯಾವ ಅಪರಾಧಕ್ಕಾಗಿ ಸೆರೆಯಲ್ಲಿದ್ದಿತೆಂದು ಅವರು ಕೇಳಲಿಲ್ಲ.

ಸೆರೆಯಾದ ಫಿರಿಂಗಿಯಾ ಸಲೋದಾ ಎಂಬ ಗ್ರಾಮದ ಮಾವಿನ ತೋಪಿಗೆ ಸ್ಲೀಮನ್ನನನ್ನು ಕರೆದೊಯ್ದು, ಡೇರೆ ಹಾಕಿದ್ದ ನೆಲದ ಸುತ್ತಲೇ ಹೂಳಿದ ಹೆಣಗಳನ್ನು ಅಗೆಸಿ ತೋರಿಸಿದನು. ಸತ್ತವರ ಜಾತಿ, ಕಸಬು, ಸತ್ತ ಬಗೆ ಎಲ್ಲವನ್ನೂ ಅಗೆಯುವ ಮೊದಲೇ ಹೇಳಿದನು. ಆದಕಾರಣ ಠಗ್ಗರ ಕಥೆಯೆಲ್ಲವೂ ಇಂಗ್ಲಿಷರ ಕಲ್ಪನೆಯೆಂದು ಹೇಳುವ ಈಚಿನ ಕೆಲವರ ವಾದವು ನಿಲ್ಲತಕ್ಕದ್ದಲ್ಲ. ಮೂಳೆಗಳು ಮಣ್ಣಿನಲ್ಲಿದ್ದುವು. ಕಿಮ್ ವಾಗ್ನರ್ ಎಂಬ ವಿದ್ವಾಂಸನು 2007ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಮಾತನ್ನು ಚೆನ್ನಾಗಿ ಸ್ಥಾಪಿಸಿದ್ದಾನೆ. ಕಲ್ಪನೆಯು ಸೇರಿದುದು ಬೇರೆ ಕಡೆಯಲ್ಲಿ. ಕಾಳಿಯ ಆರಾಧನೆಗಾಗಿಯೇ ಕೊಲ್ಲುವ, ಹಿಂದೂಸ್ಥಾನವನ್ನೆಲ್ಲ ವ್ಯಾಪಿಸಿದ, ಒಂದೇ ಸೂತ್ರದಿಂದ ನಡೆಯುವ ವಂಶಪಾರಂಪರ್ಯದ ಒಂದು ಕೊಲೆಧರ್ಮವಿದೆಯೆಂಬ ಚಿತ್ರವು 1830ರ ಅಕ್ಟೋಬರಿನಲ್ಲಿ ಸ್ಲೀಮನ್ನನೇ ಹೆಸರಿಲ್ಲದೆ ಕಲ್ಕತ್ತೆಯ ಪತ್ರಿಕೆಯೊಂದಕ್ಕೆ ಬರೆದ ಪತ್ರದಿಂದ ಹರಡಿತು. ತಂಡಗಳಲ್ಲಿ ಹಿಂದುಗಳೂ ಮುಸಲ್ಮಾನರೂ ಕೂಡಿಯೇ ಇದ್ದರು. ಸುಗ್ಗಿ ಮುಗಿದ ಮೇಲೆ ಹೊರಟು ಮಳೆಗಾಲಕ್ಕೆ ಮನೆ ಸೇರುವ ರೈತರೂ ಇದ್ದರು. ಶಕುನ ನೋಡುವುದು, ದೇವಿಗೆ ಬೆಲ್ಲ ನಿವೇದಿಸುವುದು ಇವು ಆ ಕಾಲದ ಯಾವ ವ್ಯಾಪಾರಿಯ ತಂಡದಲ್ಲಿ ಇರಲಿಲ್ಲ? ಮೆಡೋಸ್ ಟೇಲರನು 1839ರಲ್ಲಿ ಪ್ರಕಟಿಸಿದ ‘ಠಗ್ಗನೊಬ್ಬನ ತಪ್ಪೊಪ್ಪಿಗೆ’ಯೆಂಬ ಕಾದಂಬರಿಯು ಈ ಚಿತ್ರವನ್ನು ಇಂಗ್ಲೆಂಡಿನ ಮನೆಮನೆಗೂ ಮುಟ್ಟಿಸಿತು. ಅನಂತರ ನಮ್ಮ ಸುರಪುರದಲ್ಲಿ ಬಹುಕಾಲ ಅಧಿಕಾರಿಯಾಗಿದ್ದ ಟೇಲರನೇ ಇವನು.

ಈಗ ಪ್ರಕೃತ ವಿಷಯಕ್ಕೆ ಬರೋಣ. ಮಾಫಿಸಾಕ್ಷಿಗಳಿಂದ ಹೆಸರುಗಳು ಸಾವಿರಗಟ್ಟಲೆ ಬಂದುವು. ಆದರೆ ಇಂಥವನು ಇಂಥ ದಿನ ಇಂಥವನನ್ನು ಕೊಂದನೆಂದು ಒಬ್ಬೊಬ್ಬನ ಮೇಲೆಯೂ ಸ್ಥಾಪಿಸುವುದು ಅಸಾಧ್ಯವಾಗಿದ್ದಿತು. ಈ ತೊಡಕನ್ನು 1836ನೆಯ ಇಸವಿಯ 30ನೆಯ ಕಾಯಿದೆಯು ಒಂದೇ ಏಟಿಗೆ ಕಡಿದುಹಾಕಿತು. ಕಾಯಿದೆಯು ಅರ್ಧ ಪುಟವನ್ನೂ ತುಂಬಲಾರದು. ಠಗ್ಗರ ಯಾವುದಾದರೊಂದು ತಂಡಕ್ಕೆ ಸೇರಿದವನೆಂದು ರುಜುವಾತಾದರೆ ಸಾಕು, ಅವನಿಗೆ ಕಠಿನ ದುಡಿತದೊಡನೆ ಆಜನ್ಮ ಸೆರೆವಾಸ. ಅವನು ಸೇರಿದ್ದುದು ಕಾಯಿದೆ ಹುಟ್ಟುವುದಕ್ಕೆ ಮೊದಲಾಗಲಿ ಆಮೇಲಾಗಲಿ, ಕಂಪೆನಿಯ ಸೀಮೆಯಲ್ಲಾಗಲಿ ಹೊರಗಾಗಲಿ, ಅಭ್ಯಂತರವಿಲ್ಲ. ಕಂಪೆನಿಯ ಯಾವ ನ್ಯಾಯಸ್ಥಾನದಲ್ಲಿ ಬೇಕಾದರೂ ವಿಚಾರಣೆ ನಡೆಯಬಹುದು. ಫತ್ವಾ ಬೇಕಾಗಿಲ್ಲ. ಮರುವರ್ಷ, ಅಂದರೆ 1837ರಲ್ಲಿ, ಹಿಂದೆ ಶಿಕ್ಷೆಯಾದವನೆಂಬ ಕಾರಣದಿಂದ ಯಾರ ಸಾಕ್ಷ್ಯವನ್ನೂ ತಳ್ಳಬಾರದೆಂದು ಮತ್ತೊಂದು ಕಾಯಿದೆಯಾಯಿತು. ಹೀಗೆ ಕೊಲೆಗಾರನ ನಾಲಗೆಯು ನ್ಯಾಯಸ್ಥಾನದಲ್ಲಿ ಸಂಪೂರ್ಣ ಸಾಕ್ಷಿಯ ಬೆಲೆಯನ್ನು ಪಡೆಯಿತು.

ಇಲ್ಲಿ ‘ಠಗ್ಗ’ನೆಂದರೆ ಯಾರೆಂಬ ಲಕ್ಷಣವನ್ನು ಕಾಯಿದೆಯು ಹೇಳಲೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಲಕ್ಷಣವಿಲ್ಲದ ಲಕ್ಷ್ಯವು ತರ್ಕಶಾಸ್ತ್ರದಲ್ಲಿ ದೋಷವೆನಿಸಿಕೊಳ್ಳುತ್ತದೆ. ಇಲ್ಲಿ ಅದು ಆಜನ್ಮ ಸೆರೆಮನೆಯಾಯಿತು. ಮಾಡಿದ ಕರ್ಮಕ್ಕಲ್ಲ, ಕೂಡಿದ್ದುದಕ್ಕೆ ದಂಡ. ಹಾಗೆ ಕೂಡಿದ್ದನೆಂಬುದನ್ನು ಹೇಳತಕ್ಕವನಾದರೋ ತಾನೂ ಕೂಡಿದ್ದವನೇ.

ನಮ್ಮ ಪ್ರಾಚೀನರು ಈ ಸಂಕಟವನ್ನು ಅರಿಯದವರಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಶಾಮಶಾಸ್ತ್ರಿಗಳಿಗೆ ದೊರೆತು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಕಂಟಕಶೋಧನ’ವೆಂಬ ಅಧಿಕರಣವೇ ಇದೆ. ಕೌಟಿಲ್ಯನು ಕರುಣಾಳುವೆಂದು ಯಾರೂ ಹೇಳಲಾರರು. ಕಳ್ಳರ ತಂಡಕ್ಕೆ ಗೂಢಚಾರರನ್ನು ಸೇರಿಸಿ, ಅವರಿಂದಲೇ ಕಳವಿಗೆ ಪ್ರೇರಿಸಿ, ಹಿಡಿದುಹಾಕುವ ಉಪಾಯಗಳನ್ನು ಅವನು ನಿಸ್ಸಂಕೋಚವಾಗಿ ಹೇಳಿದ್ದಾನೆ. ಸಂಶಯಿತರನ್ನು ಹಿಂಸಿಸುವ ಕ್ರಮಗಳನ್ನೂ ಎಣಿಸಿದ್ದಾನೆ. ಆದರೆ ಅದೇ ಪ್ರಕರಣದಲ್ಲಿ, ಪೂರ್ತಿಯಾಗಿ ರುಜುವಾತಾಗುವ ತನಕ ದಂಡಿಸಲಾಗದೆಂದು ಹೇಳಿ, ಅದಕ್ಕೆ ನಿದರ್ಶನವಾಗಿ ಮಾಂಡವ್ಯನನ್ನು ನೆನೆಯುತ್ತಾನೆ: ಕಳ್ಳನಲ್ಲದ ಮಾಂಡವ್ಯನು ಹಿಂಸೆಯ ಭಯದಿಂದ ತಾನು ಕಳ್ಳನೆಂದು ಒಪ್ಪಿಕೊಂಡನಂತೆ. ಮಹಾಭಾರತದ ಆದಿಪರ್ವದಲ್ಲಿ ಕಥೆಯು ಸ್ವಲ್ಪ ಬೇರೆ. ಅಲ್ಲಿ ಮಾಂಡವ್ಯನು ಮೌನವ್ರತದಲ್ಲಿದ್ದಾನೆ. ಕಳ್ಳರು ಅವನ ಆಶ್ರಮದಲ್ಲಿ ಅಡಗುತ್ತಾರೆ. ರಾಜಭಟರು ಕೇಳಿದಾಗ ಋಷಿಯು ಉತ್ತರಿಸುವುದಿಲ್ಲ. ಕಳ್ಳರೊಡನೆಯೇ ಅವನನ್ನೂ ಶೂಲಕ್ಕೇರಿಸುತ್ತಾರೆ. ಒಂದರಲ್ಲಿ ಮಾತನಾಡಿ ಕೆಟ್ಟನು, ಮತ್ತೊಂದರಲ್ಲಿ ಮಾತನಾಡದೆ ಕೆಟ್ಟನು. ಜಬ್ಬಲಪುರದಲ್ಲಿ ಮಾಫಿಸಾಕ್ಷಿಗಳೆದುರಿಗೆ ನಿಲ್ಲಿಸಲ್ಪಟ್ಟವನ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಒಪ್ಪಿಕೊಂಡರೆ ಠಗ್ಗ, ಒಪ್ಪದಿದ್ದರೆ ಮೊಂಡ ಠಗ್ಗ.

ನ್ಯಾಯವಾಗಿ ನೋಡಿದರೆ ಸ್ಲೀಮನ್ನನು ಎಚ್ಚರಿಕೆಯಿಲ್ಲದವನಲ್ಲ. ಮಾಫಿಸಾಕ್ಷಿಗಳನ್ನು ಒಬ್ಬರ ಮಾತು ಒಬ್ಬರಿಗೆ ತಿಳಿಯದಂತೆ ಬೇರೆಬೇರೆಯಾಗಿಟ್ಟು, ಅವರ ಹೇಳಿಕೆಗಳನ್ನು ತಾಳೆ ನೋಡುತ್ತಿದ್ದನು. ಠಗ್ಗರ ಕುಟುಂಬಗಳ ವಂಶವೃಕ್ಷಗಳನ್ನು ಬರೆಯಿಸಿದನು. ಅವರ ಗುಪ್ತಭಾಷೆಯಾದ ‘ರಾಮಸಿ’ಯ ಶಬ್ದಗಳನ್ನು ಕೂಡಿಸಿ 1836ರಲ್ಲಿ ಒಂದು ಕೋಶವನ್ನೇ ಪ್ರಕಟಿಸಿದನು. ಆ ಕಾಲಕ್ಕೆ ಇಷ್ಟು ಶ್ರಮವಹಿಸಿದ ಪೋಲೀಸು ವಿಚಾರಣೆಯು ಯುರೋಪಿನಲ್ಲಿಯೂ ಅಪೂರ್ವವೇ. ಆದರೂ ಲೆಕ್ಕವನ್ನು ನೋಡಿ: 1831ರಿಂದ 1837ರ ವರೆಗೆ 3,266 ಮಂದಿ ಠಗ್ಗರ ವಿಷಯವು ತೀರ್ಮಾನವಾಯಿತು, ಅವರಲ್ಲಿ 412 ಮಂದಿಯನ್ನು ಗಲ್ಲಿಗೇರಿಸಲಾಯಿತು, 483 ಮಂದಿ ಮಾಫಿಸಾಕ್ಷಿಗಳಾದರು. ಅಂದರೆ ಸುಮಾರು ಏಳು ಮಂದಿಗೆ ಒಬ್ಬನು ಇತರರ ಮೇಲೆ ಸಾಕ್ಷಿ ಹೇಳಿ ತನ್ನ ಕೊರಳನ್ನು ಉಳಿಸಿಕೊಂಡವನು. ಅವನು ಹೆಸರುಗಳನ್ನು ಹೇಳುತ್ತಿರುವಷ್ಟು ಕಾಲವೇ ಅವನ ಬೆಲೆ. ಹಳೆಯ ವೈರಿಯ ಹೆಸರನ್ನು ಅವನು ಹೇಳಲಿಲ್ಲವೆಂದೂ, ತನ್ನ ತಮ್ಮನ ಹೆಸರನ್ನು ನುಂಗಲಿಲ್ಲವೆಂದೂ ಯಾರು ಪ್ರಮಾಣ ಮಾಡಬಲ್ಲರು? ಬೆಹರಾಮನೆಂಬ ಅಯೋಧ್ಯೆಯ ಠಗ್ಗನು 931 ಕೊಲೆಗಳನ್ನು ಮಾಡಿದನೆಂಬ ಮಾತು ಇಂದಿಗೂ ಪುಸ್ತಕಗಳಲ್ಲಿ ತಿರುಗುತ್ತಿದೆ. ಅದಕ್ಕೆ ಆಧಾರವು ಅವನೇ ಮಾಫಿಸಾಕ್ಷಿಯಾಗಿ ಕೊಟ್ಟ ಹೇಳಿಕೆ. ಅದೂ ತಂಡದೊಡನೆ ತಾನಿದ್ದಾಗ ನಡೆದ ಕೊಲೆಗಳ ಲೆಕ್ಕ. ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಎಲ್ಲವೂ ಅವನೊಬ್ಬನ ಕೈಗೆಲಸವಾಯಿತು.

ಶಿಕ್ಷಿತರಲ್ಲಿ ಅನೇಕರು ಪೆನಾಂಗು ಮೊದಲಾದ ದ್ವೀಪಾಂತರಗಳಿಗೆ ಹೋದರು. ಹಣೆಯ ಮೇಲೆ ಅಪರಾಧದ ಹೆಸರನ್ನು ಹಚ್ಚೆಯಾಗಿ ಚುಚ್ಚುವ ‘ಗೋದನಾ’ ಪದ್ಧತಿಯು 1849ರಲ್ಲಿ ರದ್ದಾಗುವ ತನಕ ನಡೆಯಿತು. ಜಬ್ಬಲಪುರದಲ್ಲಿ 1830ರ ದಶಕದ ಕೊನೆಗೆ ಮಾಫಿಸಾಕ್ಷಿಗಳಿಗಾಗಿ ಕೈಗಾರಿಕೆಯ ಶಾಲೆಯೊಂದು ಸ್ಥಾಪಿತವಾಗಿ, ಅಲ್ಲಿ ಡೇರೆಗಳನ್ನೂ ರತ್ನಗಂಬಳಿಗಳನ್ನೂ ನೇಯಿಸುತ್ತಿದ್ದರು. ಪ್ರವಾಸಕ್ಕೆ ಬಂದ ದೊರೆಸಾನಿಗಳು ಮುದುಕ ಠಗ್ಗರಿಂದ ಉರುಳು ಹಾಕುವ ಅಭಿನಯವನ್ನು ಮಾಡಿಸಿ ನೋಡಿ ಬೆರಗಾಗುತ್ತಿದ್ದರು. ಹೆಂಡಿರು ಮಕ್ಕಳನ್ನೂ ಅಲ್ಲಿಯೇ ನೆಲೆಗೊಳಿಸಲಾಗಿದ್ದಿತು. ಠಗ್ಗನ ಮಗನು ಠಗ್ಗನಾಗದಿರಲಿ ಎಂಬುದು ಉದ್ದೇಶ. ಆದರೆ ಆ ಉದ್ದೇಶದೊಳಗೆ ಠಗ್ಗನ ಮಗನು ಹುಟ್ಟಿನಿಂದಲೇ ಅರ್ಧ ಠಗ್ಗನೆಂಬ ನಂಬಿಕೆಯು ಅಡಗಿದ್ದಿತು.

ಫಲವಾದರೂ ಏನಾಯಿತು? ದಾರಿಗಳು ಸುರಕ್ಷಿತವಾದುವು. ಇದನ್ನು ಮರೆಮಾಚುವುದು ಸತ್ಯಕ್ಕೆ ದ್ರೋಹ. 1840ರ ಹೊತ್ತಿಗೆ ಸಿಪಾಯಿಯು ಸಂಬಳದ ಗಂಟಿನೊಡನೆ ಮನೆ ಸೇರಬಹುದಾಗಿದ್ದಿತು. ಯಾತ್ರಿಕರು ಕಾಶಿಯಿಂದ ಹಿಂದಿರುಗಬಹುದಾಗಿದ್ದಿತು. ಯುದ್ಧಗಳು ನಿಂತುದು, ಸಂಸ್ಥಾನಗಳ ಗಡಿಗಳು ಅಪರಾಧಿಗೆ ಕೋಟೆಯಾಗದಂತೆ ರೆಸಿಡೆಂಟರು ಒತ್ತಾಯಪಡಿಸಿದುದು, ರಸ್ತೆಗಳೂ ಅಂಚೆಯೂ ಬೆಳೆದುದು ಇವೆಲ್ಲಕ್ಕೂ ಇದರಲ್ಲಿ ಪಾಲುಂಟು. ಆದರೂ ಸ್ಲೀಮನ್ನನ ಪಾಲು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ನಿರಪರಾಧಿಗಳೆಷ್ಟು ಮಂದಿ ಆ ಸಾವಿರಗಳಲ್ಲಿ ಸೇರಿದ್ದರೆಂಬುದನ್ನು ಮಾತ್ರ ಯಾವ ಇತಿಹಾಸಕಾರನೂ ಹೇಳಲಾರನು. ಕರ್ಮವನ್ನು ವಿಚಾರಿಸದೆ ಕೂಟವನ್ನೇ ವಿಚಾರಿಸಿದ ಮೇಲೆ ಅದನ್ನು ತಿಳಿಯುವ ಮಾರ್ಗವೇ ಮುಚ್ಚಿಹೋಗುತ್ತದೆ.

ಇದು ಹಳೆಯ ಕಥೆ ಮಾತ್ರವಲ್ಲ. ಇದೇ ನ್ಯಾಯಕ್ರಮವು ಭೂಗೋಳದ ಆಚೆ ಮಗ್ಗುಲಿನಲ್ಲಿ ನಮ್ಮ ಕಣ್ಣೆದುರಿಗೇ ಮತ್ತೆ ಪ್ರವರ್ತಿಸಿತು. ಮಧ್ಯ ಅಮೆರಿಕದ ಎಲ್ ಸಾಲ್ವಡೋರ್ ಎಂಬುದು ಸುಮಾರು ಅರುವತ್ತು ಲಕ್ಷ ಜನರ ಚಿಕ್ಕ ದೇಶ. 1980ರಿಂದ 1992ರ ವರೆಗೆ ನಡೆದ ಅಂತರ್ಯುದ್ಧದಲ್ಲಿ ಓಡಿಹೋದವರ ಮಕ್ಕಳು ಲಾಸ್ ಏಂಜಲಿಸ್ ಪಟ್ಟಣದ ಬೀದಿಗಳಲ್ಲಿ ತಂಡಕಟ್ಟುವುದನ್ನು ಕಲಿತರು. ಅಮೆರಿಕದವರು ಅವರನ್ನು ಹಿಂದಕ್ಕೆ ಅಟ್ಟಿದಾಗ ತಂಡಗಳೂ ಜೊತೆಗೆ ಬಂದುವು. ಅಂಗಡಿಯವನೂ ಬಸ್ಸಿನ ಚಾಲಕನೂ ಅವರಿಗೆ ಕಪ್ಪಕೊಟ್ಟು ಬದುಕಬೇಕಾಯಿತು. 2015ರಲ್ಲಿ 6,600ಕ್ಕೂ ಹೆಚ್ಚು ಕೊಲೆಗಳಾದುವು. 2022ರ ಮಾರ್ಚ್ 26ರಂದು ಒಂದೇ ದಿನ 62 ಮಂದಿ ಹತರಾದರು. ಮರುದಿನವೇ ಅಧ್ಯಕ್ಷ ನಯೀಬ್ ಬುಕೇಲೆಯ ಸರಕಾರವು ಮೂವತ್ತು ದಿನಗಳ ವಿಶೇಷ ಸ್ಥಿತಿಯನ್ನು ಸಾರಿತು. ಆ ಮೂವತ್ತು ದಿನಗಳು ತಿಂಗಳು ತಿಂಗಳಿಗೂ ನವೀಕರಿಸಲ್ಪಟ್ಟು ವರ್ಷಗಳಾದುವು. 80,000ಕ್ಕೂ ಮಿಕ್ಕಿದ ಜನರು ಸೆರೆಯಾದರು. ಬಹುಮಂದಿಯ ಮೇಲಿನ ಆರೋಪವು ಕೊಲೆಯಲ್ಲ, ‘ಅಕ್ರಮ ಕೂಟಕ್ಕೆ ಸೇರಿದುದು’. 40,000 ಮಂದಿಗೆಂದು ಕಟ್ಟಿದ ಸೆರೆಮನೆಯೊಂದು 2023ರಲ್ಲಿ ತೆರೆಯಿತು. ಅದೇ ವರ್ಷ ಒಂದೇ ವಿಚಾರಣೆಯಲ್ಲಿ ಒಂಬೈನೂರು ಮಂದಿಯ ವರೆಗೆ ನಿಲ್ಲಿಸಬಹುದೆಂದು ಕಾನೂನಾಯಿತು. ಇಲ್ಲಿಯೂ ಫಲವು ಸುಳ್ಳಲ್ಲ: ಸರಕಾರದ ಲೆಕ್ಕದಂತೆ 2024ರಲ್ಲಿ ಇಡೀ ದೇಶದಲ್ಲಿ ನಡೆದ ಕೊಲೆಗಳು 114. ಸಂಜೆ ಮಕ್ಕಳನ್ನು ಬೀದಿಯಲ್ಲಿ ಆಡಲು ಬಿಟ್ಟ ತಾಯಂದಿರು ಆ ವರ್ಷದ ಚುನಾವಣೆಯಲ್ಲಿ ಬುಕೇಲೆಯನ್ನು ಮತ್ತೆ ಆರಿಸಿದರೆ ಅವರನ್ನು ಮೂರ್ಖರೆನ್ನಲು ಬಾರದು. ಆದರೆ ಸುಮಾರು 8,000 ಮಂದಿ ನಿರಪರಾಧಿಗಳನ್ನು ಬಿಡುಗಡೆ ಮಾಡಿದುದಾಗಿ ಅದೇ ವರ್ಷ ಬುಕೇಲೆಯೇ ಹೇಳಿದನು. ಹತ್ತರಲ್ಲಿ ಒಬ್ಬನು! ಬಿಡುಗಡೆಯಾಗದೆ ಒಳಗೇ ಉಳಿದ ನಿರಪರಾಧಿಗಳ ತಾಯಂದಿರೂ ಅದೇ ಬೀದಿಗಳಲ್ಲಿಯೇ ಇದ್ದಾರೆ.

ಆ ದೇಶದ ವೃತ್ತಾಂತವು ಇನ್ನೂ ಮುಗಿದಿಲ್ಲ; ನಮ್ಮದರ ಮುಂದಿನ ಪುಟಗಳು ಮಾತ್ರ ಓದಲು ಸಿಕ್ಕುತ್ತವೆ. ಠಗ್ಗರಿಗಾಗಿ ಮಾಡಿದ ಆಯುಧವನ್ನು ಠಗ್ಗರು ಮುಗಿದ ಮೇಲೆ ಕೆಳಗಿಡಲಿಲ್ಲ. 1839ರಲ್ಲಿ ಸ್ಲೀಮನ್ನನ ಇಲಾಖೆಗೆ ಡಕಾಯಿತಿಯ ಕೆಲಸವನ್ನೂ ಸೇರಿಸಿದರು. 1843ರ 24ನೆಯ ಕಾಯಿದೆಯು ಡಕಾಯಿತರ ತಂಡಕ್ಕೆ ಸೇರಿದುದನ್ನೂ ಅದೇ ಮಾದರಿಯ ಅಪರಾಧವನ್ನಾಗಿ ಮಾಡಿತು. 1860ರ ದಂಡಸಂಹಿತೆಯಲ್ಲಿ ಠಗ್ಗನಿಗೆ 310ನೆಯ ಕಲಮು ಮೀಸಲಾಯಿತು. ಸ್ಲೀಮನ್ನನು 1856ರಲ್ಲಿ ಸ್ವದೇಶಕ್ಕೆ ಮರಳುವಾಗ ಸಿಂಹಳದ ಬಳಿ ಸಮುದ್ರದ ಮೇಲೆಯೇ ತೀರಿಕೊಂಡನು. ಅವನ ಇಲಾಖೆಯು 1904ರ ವರೆಗೂ ಬದುಕಿದ್ದಿತು. ವಂಶವೃಕ್ಷಗಳನ್ನು ಬರೆಯುವ ಅಭ್ಯಾಸವೂ ಬೆಳೆಯಿತು. ಅಪರಾಧವು ರಕ್ತದಲ್ಲಿ ಹರಿಯುತ್ತದೆ, ಬಡಗಿಯ ಮಗನು ಬಡಗಿಯಾಗುವಂತೆ ಕಳ್ಳನ ಮಗನು ಕಳ್ಳನಾಗುತ್ತಾನೆ ಎಂಬ ಭಾವನೆಯು ಆಡಳಿತದ ಸಿದ್ಧಾಂತವಾಗಿ, 1871ರಲ್ಲಿ ‘ಕ್ರಿಮಿನಲ್ ಟ್ರೈಬ್ಸ್ ಆಕ್ಟ್’ ಬಂದಿತು. ಕೂಟಕ್ಕೆ ಸೇರುವುದಾದರೂ ಮನುಷ್ಯನ ಇಚ್ಛೆಗೆ ಒಳಪಟ್ಟುದು. ಜಾತಿಗೆ ಸೇರುವುದಕ್ಕೆ ಹುಟ್ಟಿದರೆ ಸಾಕು. ಸರಕಾರವು ಒಂದು ಜನಾಂಗವನ್ನು ಅಪರಾಧಿಯೆಂದು ಗೆಜೆಟ್ಟಿನಲ್ಲಿ ಸಾರಿದರೆ ಅದನ್ನು ಪ್ರಶ್ನಿಸುವ ಅಧಿಕಾರವು ಯಾವ ಕೋರ್ಟಿಗೂ ಇರಲಿಲ್ಲ. ಹೆಸರು ದಾಖಲೆಯಾಗಬೇಕು, ಹಾಜರಿ ಕೊಡಬೇಕು, ಚೀಟಿಯಿಲ್ಲದೆ ಊರು ಬಿಡಬಾರದು. 1897ರ ತಿದ್ದುಪಡಿಯಂತೆ ನಾಲ್ಕು ವರ್ಷದಿಂದ ಹದಿನೆಂಟು ವರ್ಷದ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಇಡಬಹುದಾಗಿದ್ದಿತು.

ನಾಲ್ಕು ವರ್ಷದ ಮಗು! ಮಾಂಡವ್ಯನ ಕಥೆಯ ಉತ್ತರಾರ್ಧವನ್ನು ಇಲ್ಲಿ ನೆನೆಯಬೇಕು. ಶೂಲದ ಮೊನೆಯನ್ನು ಮೈಯಲ್ಲಿ ಹೊತ್ತ ಋಷಿಯು ಧರ್ಮದೇವತೆಯ ಬಳಿಗೆ ಹೋಗಿ, ತನಗೆ ಈ ದಂಡವೇಕೆಂದು ಕೇಳಿದಾಗ, ಬಾಲ್ಯದಲ್ಲಿ ಹುಳುವೊಂದನ್ನು ಹುಲ್ಲುಕಡ್ಡಿಯಿಂದ ಚುಚ್ಚಿದುದರ ಫಲವೆಂದು ಉತ್ತರ ಬಂದಿತು. ಅಲ್ಪ ತಪ್ಪಿಗೆ ಅಗಾಧ ದಂಡವನ್ನು ಕೊಟ್ಟ ಧರ್ಮನನ್ನೇ ಋಷಿಯು ಶಪಿಸಿ ವಿದುರನಾಗಿ ಹುಟ್ಟುವಂತೆ ಮಾಡಿದನು. ಹದಿನಾಲ್ಕು ವರ್ಷದ ವರೆಗೆ ಮಾಡಿದುದು ಪಾಪವೆನಿಸದೆಂಬ ಮೇರೆಯನ್ನೂ ಲೋಕಕ್ಕೆ ಹಾಕಿದನು. ಎಲ್ ಸಾಲ್ವಡೋರಿನವರು 2022ರಲ್ಲಿ ಹಾಕಿದ ಮೇರೆಯು ಹನ್ನೆರಡು ವರ್ಷ.

1911ರ ಕಾಯಿದೆಯಿಂದ ಈ ಏರ್ಪಾಡು ದಕ್ಷಿಣಕ್ಕೂ ಬಂದು, 1924ರಲ್ಲಿ ಇನ್ನಷ್ಟು ಬಿಗಿಯಾಯಿತು. ಮುಂಬಯಿ ಕರ್ನಾಟಕದಲ್ಲಿ ವಿಜಾಪುರ, ಹುಬ್ಬಳ್ಳಿ, ಗದಗುಗಳಲ್ಲಿ ‘ಸೆಟ್ಲಮೆಂಟು’ಗಳು ಎದ್ದುವು. ತಂತಿಯ ಬೇಲಿಯೊಳಗೆ ಹರಣಶಿಕಾರಿ, ಕೊರವ, ಗಂಟಿಚೋರ ಮುಂತಾದವರ ಸಂಸಾರಗಳು. ಹಗಲು ಗಿರಣಿಯ ಕೆಲಸ, ಸಂಜೆ ಹಾಜರಿ. ಶಾಲೆಯಿದ್ದಿತು, ಔಷಧಿಯಿದ್ದಿತು, ಕೂಲಿಯಿದ್ದಿತು. ಅಧಿಕಾರಿಗಳಲ್ಲಿ ಸದುದ್ದೇಶದವರೂ ಇದ್ದರು. ಬೇಲಿಯೂ ಇದ್ದಿತು. ಗಂಟಿಚೋರನೆಂಬಲ್ಲಿ ಹೆಸರಿನಲ್ಲಿಯೇ ಚೋರನಿದ್ದಾನೆ. ಅಂಥ ಹೆಸರಿನ ಹುಡುಗನು ಶಾಲೆಯ ದಾಖಲೆಯ ಪುಸ್ತಕದಲ್ಲಿ ಜಾತಿಯ ಕೋಷ್ಟಕವನ್ನು ತುಂಬಿಸುವಾಗ ಏನು ಅನುಭವಿಸಿರಬೇಕೆಂಬುದನ್ನು ಉಪಾಧ್ಯಾಯರಾದವರು ಊಹಿಸಬಲ್ಲರು. ಹುಬ್ಬಳ್ಳಿಯಲ್ಲಿ ಆ ಭಾಗಕ್ಕೆ ‘ಸೆಟ್ಲಮೆಂಟ್’ ಎಂಬ ಹೆಸರು ಜನರ ಬಾಯಲ್ಲಿ ಉಳಿದೇ ಇದೆ.

ಅನಂತಶಯನಂ ಅಯ್ಯಂಗಾರರ ಅಧ್ಯಕ್ಷತೆಯ ಸಮಿತಿಯು ಸ್ವಾತಂತ್ರ್ಯಾನಂತರ ಈ ಕಾಯಿದೆಯನ್ನು ಪರಿಶೀಲಿಸಿ ರದ್ದತಿಯನ್ನು ಸೂಚಿಸಿತು. 1952ರ ಆಗಸ್ಟ್ 31ರಂದು ಅದು ಎಲ್ಲೆಡೆಯೂ ರದ್ದಾಯಿತು. ‘ವಿಮುಕ್ತ’ ಜನಾಂಗಗಳು ಆ ದಿನವನ್ನೇ ತಮ್ಮ ಸ್ವಾತಂತ್ರ್ಯದಿನವೆಂದು ಎಣಿಸುತ್ತವೆ. ಆದರೆ ಅದರ ಸ್ಥಾನದಲ್ಲಿ ‘ರೂಢಿಗತ ಅಪರಾಧಿ’ಗಳ ಕಾಯಿದೆಗಳು ಪ್ರಾಂತಪ್ರಾಂತಗಳಲ್ಲಿ ಹುಟ್ಟಿದುವು, ನಮ್ಮ ರಾಜ್ಯದ್ದು 1961ರದು. ಸೆರೆಮನೆಯ ನಿಯಮಾವಳಿಗಳಲ್ಲಿ ಅಲೆಮಾರಿ ಜನಾಂಗದವರನ್ನು ಹುಟ್ಟಿನಿಂದಲೇ ಸಂಶಯಿಸುವ ವಾಕ್ಯಗಳು ಉಳಿದುಕೊಂಡಿದ್ದುವು. ಅವುಗಳನ್ನು ಸರ್ವೋಚ್ಚ ನ್ಯಾಯಾಲಯವು ಕಿತ್ತುಹಾಕಿದುದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಜುಲೈ 1ರಂದು ಹಳೆಯ ದಂಡಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆಯು ಜಾರಿಗೆ ಬಂದಿತು. ಅದರಲ್ಲಿ ಠಗ್ಗನ ಹೆಸರಿಲ್ಲ. 310ನೆಯ ಕಲಮು ಈಗ ಡಕಾಯಿತಿಗೆ ಸಂಬಂಧಪಟ್ಟುದು. ಅದರ ಆರನೆಯ ಉಪಕಲಮಿನಲ್ಲಿ, ಡಕಾಯಿತರ ತಂಡಕ್ಕೆ ಸೇರಿದವನಿಗೆ ಆಜೀವ ಸೆರೆವಾಸವನ್ನು ಇಂದಿಗೂ ವಿಧಿಸಬಹುದಾಗಿದೆ.